ಸಪ್ಪೆ ಪಾತ್ರಕ್ಕೆ ಬೇಕಾದ ಎದುರಾಳಿ



ಧಾರಾವಾಹಿಯೊಂದು ಮುನ್ನೂರು ಸಂಚಿಕೆ ದಾಟುವ ಹೊತ್ತಿಗೆ ಬರಹಗಾರರ ಮುಂದೆ ಒಂದು ಸಂಕಟ ಬಂದು ನಿಲ್ಲುತ್ತದೆ. ಯಾವ ಪಾತ್ರವನ್ನು ನಂಬಿ ಕಥೆ ಹೊರಟಿತ್ತೋ ಅದೇ ಪಾತ್ರ ಸಪ್ಪೆಯಾಗಿ ಕುಳಿತಿರುತ್ತದೆ. ಅವನು ಒಳ್ಳೆಯವನು, ಅವಳು ತಾಳ್ಮೆಯವಳು, ಇಬ್ಬರೂ ಯಾರಿಗೂ ಕೇಡು ಬಗೆದವರಲ್ಲ. ಆದರೆ ಅವರು ಪರದೆಯ ಮೇಲೆ ಬಂದರೆ ನೋಡುಗರ ಕೈ ರಿಮೋಟಿನತ್ತ ಹೋಗುತ್ತದೆ. ಆಗ ಚರ್ಚೆಯ ಮೇಜಿನ ಸುತ್ತ ಕೇಳಿಬರುವ ಮಾತು ಎಲ್ಲರಿಗೂ ಗೊತ್ತಿರುವಂಥದ್ದೇ: ಹೊಸ ಎಂಟ್ರಿ ಕೊಡೋಣ, ಒಂದು ಲವ್ ಟ್ರ್ಯಾಕ್ ಹಾಕೋಣ, ಇಲ್ಲವೇ ಒಬ್ಬ ವಿಲನ್ ತರೋಣ. ಈ ಮಾತನ್ನು ಅಗ್ಗದ ಉಪಾಯವೆಂದು ತಳ್ಳಿಹಾಕುವ ವಿಮರ್ಶಕರು ಇದ್ದಾರೆ. ನಾನು ಅವರ ಪಕ್ಷದವನಲ್ಲ. ಹೊಸ ಪ್ರೇಮ, ಹೊಸ ಹಗೆ ಎರಡೂ ಕಥನದಷ್ಟೇ ಹಳೆಯ, ಗೌರವದ ಸಾಧನಗಳು. ಅವು ಎಲ್ಲಿ ಫಲಿಸುತ್ತವೆ, ಎಲ್ಲಿ ನೆಲಕಚ್ಚುತ್ತವೆ ಎಂಬುದಕ್ಕೆ ಕಾರಣಗಳಿವೆ. ಸಪ್ಪೆತನ ಬಹುಪಾಲು ಪಾತ್ರದ ಸ್ವಭಾವದಲ್ಲಿ ಇರುವುದೇ ಇಲ್ಲ, ಆ ಪಾತ್ರವನ್ನು ಸುತ್ತುವರಿದ ಸಂಬಂಧಗಳಲ್ಲಿ ಇರುತ್ತದೆ. ಆದ್ದರಿಂದ ಪಾತ್ರದ ಸ್ವಭಾವವನ್ನು ಬದಲಿಸಲು ಹೋಗದೆ, ಆ ಸ್ವಭಾವಕ್ಕೆ ಬೆಲೆ ತೆರಬೇಕಾದ ಪ್ರಸಂಗವನ್ನು ಹುಟ್ಟಿಸುವ ಪ್ರೇಮ ಅಥವಾ ಪೈಪೋಟಿ ಮಾತ್ರ ಆ ಪಾತ್ರವನ್ನು ಉಳಿಸುತ್ತದೆ. ಈ ಸಂಕಿರಣದ ಮುಂದೆ ನಾನು ಇಡುವ ವಾದ ಇದು.

ಇದಕ್ಕೆ ಅತ್ಯಂತ ದೀರ್ಘವಾದ ಸಾಕ್ಷ್ಯ ಸಿಗುವುದು ಇಂಗ್ಲೆಂಡಿನಲ್ಲಿ. ಟೋನಿ ವಾರೆನ್ ಸೃಷ್ಟಿಸಿದ ‘ಕೊರೊನೇಷನ್ ಸ್ಟ್ರೀಟ್’ 1960ರ ಡಿಸೆಂಬರ್ 9ರಂದು ಮೊದಲು ಪ್ರಸಾರವಾಯಿತು. ಕೈಗಾರಿಕಾ ಪ್ರದೇಶವೊಂದರ ಕಾರ್ಮಿಕ ಕುಟುಂಬಗಳ ಬೀದಿಯೇ ಅದರ ಲೋಕ. ಮೊದಲ ಸಂಚಿಕೆಯಲ್ಲೇ ಕಾಣಿಸಿಕೊಂಡ ಕೆನ್ ಬಾರ್ಲೊ ಆ ಬೀದಿಯಿಂದ ವಿಶ್ವವಿದ್ಯಾಲಯಕ್ಕೆ ಹೋದ ಹುಡುಗ. ಊಟದ ಮೇಜಿನ ಮೇಲೆ ಸಾಸ್ ಬಾಟಲಿ ಇದೆ, ಅಪ್ಪ ಅದನ್ನು ತಟ್ಟೆಗೆ ಸುರಿದುಕೊಳ್ಳುತ್ತಾನೆ, ಮಗನ ಮುಖ ಬಿಗಿಯುತ್ತದೆ, ಆ ಬಿಗಿತ ಅಪ್ಪನ ಕಣ್ಣಿಗೆ ಬೀಳುತ್ತದೆ. ಒಂದು ಬಾಟಲಿಯ ಮೂಲಕ ಓದು, ವರ್ಗ, ನಾಚಿಕೆ ಮೂರೂ ಆ ಮೇಜಿಗೆ ಬಂದುಬಿಡುತ್ತವೆ. ಆ ಕೆನ್ ಸಪ್ಪೆಯಲ್ಲ. ಅವನ ಎದುರಿಗೆ ಅಪ್ಪನಿದ್ದಾನೆ. ಅಪ್ಪ ಬಿಟ್ಟುಕೊಡುವವನಲ್ಲ, ಮಗನಿಗೆ ಅಪ್ಪನನ್ನು ಬಿಟ್ಟು ಹೋಗುವುದೂ ಸಾಧ್ಯವಿಲ್ಲ.

ಮುಂದಿನ ಎರಡು ದಶಕಗಳಲ್ಲಿ ಕೆನ್ ಮೇಷ್ಟ್ರಾದ, ಯುದ್ಧವಿರೋಧಿ ಪ್ರತಿಭಟನೆಗಳಲ್ಲಿ ನಿಂತ, ಎರಡು ಮದುವೆಯಾದ, ಇಬ್ಬರು ಹೆಂಡಿರನ್ನೂ ಕಳೆದುಕೊಂಡ. ಘಟನೆಗಳಿಗೇನೂ ಬರವಿರಲಿಲ್ಲ. ಆದರೂ ಅವನು ನೋಡುಗರ ಕಣ್ಣಿಗೆ ಉಪದೇಶ ಹೇಳುವ, ಕಾರ್ಡಿಗನ್ ತೊಟ್ಟ, ಬೇಸರ ತರಿಸುವ ಮನುಷ್ಯನಾಗುತ್ತಾ ಹೋದ. ನಮ್ಮ ಚರ್ಚೆಗಳಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವ ಸಂಗತಿ ಇದು: ಘಟನೆ ಹೆಚ್ಚಿದ ಮಾತ್ರಕ್ಕೆ ಪಾತ್ರ ಜೀವ ತುಂಬಿಕೊಳ್ಳುವುದಿಲ್ಲ. ಸಾವು, ಅಪಘಾತ, ಸೆರೆಮನೆ ಎಲ್ಲವೂ ಕೆನ್‌ನ ಮೇಲೆ ಬಂದು ಬಿದ್ದವು, ಅವನು ಸಹಿಸಿದ. ಸಹಿಸುವವನನ್ನು ಕಂಡು ನಾವು ಮರುಗುತ್ತೇವೆ ನಿಜ, ಆದರೆ ನಾಳೆ ಅವನು ಏನು ಮಾಡುತ್ತಾನೋ ಎಂಬ ಕುತೂಹಲ ನಮಗೆ ಇರುವುದಿಲ್ಲ.

1976ರಲ್ಲಿ ಆ ಬೀದಿಗೆ ಲಂಡನ್ನಿನಿಂದ ಮೈಕ್ ಬಾಲ್ಡ್‌ವಿನ್ ಬಂದ. ಬಟ್ಟೆ ಹೊಲಿಯುವ ಕಾರ್ಖಾನೆಯ ಮಾಲೀಕ. ಕೈಯಲ್ಲಿ ದುಡ್ಡು, ಮಾತಿನಲ್ಲಿ ಬಿರುಸು, ಓದಿದವರ ಬಗ್ಗೆ ತಾತ್ಸಾರ. ಕೆನ್ 1981ರ ಜುಲೈಯಲ್ಲಿ ಡಿಯರ್‌ಡ್ರಿಯನ್ನು ಮದುವೆಯಾದ. ಮನೆಯಲ್ಲಿ ಮಂಕು ಕವಿಯತೊಡಗಿದಾಗ ಅವಳು ಮೈಕ್‌ನತ್ತ ಸರಿದಳು. 1983ರ ಆರಂಭದಲ್ಲಿ ಈ ಮೂವರ ಕಥೆ ಇಡೀ ಬ್ರಿಟನ್ನಿನ ಮಾತಾಯಿತು. ಮೈಕ್ ಮನೆ ಬಾಗಿಲಿಗೇ ಬಂದು ನಿಂತಾಗ ಕೆನ್ ಅವನ ಮುಖಕ್ಕೇ ಬಾಗಿಲು ಬಡಿಯುತ್ತಾನೆ. ಬಾಗಿಲ ಈಚೆಗೆ ಗಂಡ ಹೆಂಡತಿ ಇಬ್ಬರೇ. ಅಲ್ಲಿಯವರೆಗೆ ದನಿಯೇರಿಸದಿದ್ದ ಮನುಷ್ಯ ಹತೋಟಿ ತಪ್ಪುತ್ತಾನೆ. ಡಿಯರ್‌ಡ್ರಿ ಗಂಡನ ಜೊತೆಯಲ್ಲೇ ಉಳಿಯುವ ತೀರ್ಮಾನ ಮಾಡಿದ ಸಂಚಿಕೆ ಫೆಬ್ರವರಿ 23ರ ಬುಧವಾರ ಪ್ರಸಾರವಾಯಿತು. ಅದೇ ರಾತ್ರಿ ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಯುನೈಟೆಡ್ ಮತ್ತು ಆರ್ಸೆನಲ್ ತಂಡಗಳ ನಡುವೆ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಕೆನ್ ಮತ್ತು ಡಿಯರ್‌ಡ್ರಿ ಒಂದಾದರೆಂಬ ಸುದ್ದಿಯನ್ನು ಅಲ್ಲಿನ ಸ್ಕೋರ್‌ಬೋರ್ಡಿನ ಮೇಲೆ ಬಿತ್ತರಿಸಿದರು.

ಬರಹಗಾರರು ಇಲ್ಲಿ ಮಾಡಿದ ಕೆಲಸವನ್ನು ಬಿಡಿಸಿ ನೋಡಬೇಕು. ಅವರು ಕೆನ್‌ಗೆ ಹೊಸ ಗುಣ ತೊಡಿಸಲಿಲ್ಲ. ಬಡಿದಾಡುವವನನ್ನಾಗಿಯೋ ರಸಿಕನನ್ನಾಗಿಯೋ ಮಾಡಲಿಲ್ಲ. ಅವನ ಮಂಕುತನವನ್ನೇ ಪಂದ್ಯದ ಪಣವಾಗಿಟ್ಟರು. ಡಿಯರ್‌ಡ್ರಿಯ ಮುಂದಿದ್ದ ಪ್ರಶ್ನೆ ಈ ಗಂಡಸು, ಆ ಗಂಡಸು ಎಂಬಷ್ಟೇ ಆಗಿರಲಿಲ್ಲ. ಬೇಸರ ತರುವ ಭರವಸೆ ಬೇಕೋ, ಭರವಸೆಯಿಲ್ಲದ ಉಲ್ಲಾಸ ಬೇಕೋ ಎಂಬುದಾಗಿತ್ತು. ವರ್ಷಗಟ್ಟಲೆ ನೋಡುಗರನ್ನು ಆಕಳಿಸುವಂತೆ ಮಾಡಿದ ಕೆನ್‌ನ ಅದೇ ಸ್ಥಿರತೆಯ ಮೇಲೆ ಈಗ ಒಂದು ಸಂಸಾರ ನಿಂತಿತ್ತು. ಅದು ಮುರಿದರೂ ಅದೇ ಸ್ಥಿರತೆಯ ಕಾರಣದಿಂದಲೇ ಮುರಿಯಬೇಕಿತ್ತು. ಮೈಕ್ ಕೆನ್‌ಗೆ ತಕ್ಕ ಎದುರಾಳಿಯಾದದ್ದೂ ಇದೇ ಕಾರಣಕ್ಕೆ. ಕೆನ್‌ಗೆ ಬೇಕಾದದ್ದೇ ಅವನಿಗೂ ಬೇಕು, ಕೆನ್‌ನಲ್ಲಿ ಇಲ್ಲದ್ದು ಅವನಲ್ಲಿದೆ, ಕೆನ್‌ನ ಬಗ್ಗೆ ನೋಡುಗರು ಒಳಗೊಳಗೇ ಅಂದುಕೊಂಡಿದ್ದನ್ನು ಅವನು ಬಾಯಿಬಿಟ್ಟು ಆಡಬಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಅಷ್ಟಾದರೂ ಕೆನ್ ಬೇಸರದವನಾಗಿಯೇ ಉಳಿದನಲ್ಲ? 1990ರಲ್ಲಿ ‘ದಿ ಸನ್’ ಪತ್ರಿಕೆ ಆ ಪಾತ್ರದಷ್ಟೇ ನಟನೂ ಬೇಸರದ ಮನುಷ್ಯನೆಂಬ ಅರ್ಥ ಬರುವಂತೆ ಬರೆಯಿತು. ಮೊದಲ ಸಂಚಿಕೆಯಿಂದ ಕೆನ್ ಆಗಿದ್ದ ವಿಲಿಯಂ ರೋಚ್ ಮಾನನಷ್ಟದ ದಾವೆ ಹೂಡಿ, ಮರುವರ್ಷ 50,000 ಪೌಂಡ್ ಪರಿಹಾರ ಗೆದ್ದರು. ತ್ರಿಕೋನ ಪ್ರೇಮದ ಏಳು ವರ್ಷಗಳ ನಂತರವೂ ದೇಶವೆಲ್ಲ ಕೆನ್‌ನನ್ನು ಸಪ್ಪೆ ಎನ್ನುತ್ತಿದ್ದರೆ ಸುಧಾರಣೆ ಎಲ್ಲಿ ಆಯಿತು ಎಂದು ಕೇಳಬಹುದು. ನನ್ನ ಉತ್ತರ ಇಷ್ಟೇ. ಕೆನ್‌ನ ಸ್ವಭಾವ ಸುಧಾರಿಸಬೇಕೆಂದು ಯಾರೂ ಹೊರಟಿರಲಿಲ್ಲ. ಸುಧಾರಿಸಿದ್ದು ಅವನ ಸುತ್ತಲಿನ ಕಥೆ. ಸಪ್ಪೆ ಮನುಷ್ಯನನ್ನು ಸಪ್ಪೆಯಾಗಿಯೇ ಇಟ್ಟು, ಅವನನ್ನು ನೋಡದೆ ಇರಲಾಗದಂತೆ ಮಾಡುವುದು ಸಾಧ್ಯ. ಅವನ ಬೇಸರದ ಗುಣ ಪತ್ರಿಕೆಯ ಮಾತಾಗಿ, ನ್ಯಾಯಾಲಯದ ಮೆಟ್ಟಿಲೇರುವಷ್ಟು ಜನರ ತಲೆಯಲ್ಲಿ ಉಳಿದದ್ದೇ ಆ ಪಾತ್ರ ಎಷ್ಟು ಜೀವಂತವಾಗಿತ್ತು ಎಂಬುದನ್ನು ಹೇಳುತ್ತದೆ.

ಆ ಹಗೆ ಒಂದು ಟ್ರ್ಯಾಕಿನೊಂದಿಗೆ ಮುಗಿದುಹೋಗಲಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. 1986ರಲ್ಲಿ ಮೈಕ್ ಮದುವೆಯಾದದ್ದು ಕೆನ್‌ನ ಮಗಳು ಸೂಸನ್‌ಳನ್ನು. ಹೆಂಡತಿಯನ್ನು ಕಸಿಯಲು ಬಂದವನು ಅಳಿಯನಾದ. ಮುಂದೆ ಕೆನ್‌ನ ಮೊಮ್ಮಗ ಆಡಂ ಮೈಕ್‌ನ ಮಗನೆಂದು ಹೊರಬಿತ್ತು. 2006ರಲ್ಲಿ ಮರೆವಿನ ರೋಗಕ್ಕೆ ತುತ್ತಾದ ಮೈಕ್ ಬೀದಿಯಲ್ಲಿ ಕುಸಿದು ಪ್ರಾಣ ಬಿಟ್ಟದ್ದು ಕೆನ್‌ನ ತೋಳಿನಲ್ಲಿ. ಇಪ್ಪತ್ತು ವರ್ಷಕ್ಕೂ ಮೀರಿದ ಈ ವೈರದಲ್ಲಿ ಬರಹಗಾರರು ಹಿಂದಿನದನ್ನು ಒಮ್ಮೆಯೂ ಮರೆಯಲಿಲ್ಲ. ಪ್ರತಿ ಹೊಸ ತಿರುವೂ ಹಳೆಯ ಗಾಯದ ಮೇಲೇ ಬಂದು ಕೂತಿತು. ಧಾರಾವಾಹಿಗೆ ಸಿನಿಮಾಕ್ಕಿಲ್ಲದ, ಕಾದಂಬರಿಗೂ ಅಪರೂಪದ ಒಂದು ಭಾಗ್ಯವಿದೆ. ನೋಡುಗರ ನೆನಪೂ ಪಾತ್ರದ ನೆನಪೂ ಜೊತೆಜೊತೆಗೆ ಬೆಳೆಯುತ್ತವೆ. ಆ ನೆನಪನ್ನು ದುಡಿಸಿಕೊಳ್ಳುವ ಹಗೆಯೇ ಧಾರಾವಾಹಿಗೆ ತಕ್ಕ ಹಗೆ.

ಎದುರಾಳಿಯೇ ನಾಯಕನನ್ನು ನಾಯಕನನ್ನಾಗಿ ಮಾಡುತ್ತಾನೆ ಎಂಬುದನ್ನು ತಿಳಿಯಲು ಕನ್ನಡಿಗರು ಮ್ಯಾಂಚೆಸ್ಟರಿಗೆ ಹೋಗಬೇಕಾಗಿಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದು ಭಾಗವತರ ಹಾಡು ಮತ್ತು ಅರ್ಥಧಾರಿಗಳ ಮಾತು. ವಾಲಿಮೋಕ್ಷದ ಪ್ರಸಂಗದಲ್ಲಿ ರಾಮನ ಅರ್ಥ ಹೇಳುವುದು ಸುಲಭವಲ್ಲ. ರಾಮ ಧರ್ಮಿಷ್ಠ, ಸಂಯಮಿ, ತಪ್ಪು ಮಾಡದವನು. ಧಾರಾವಾಹಿಯ ಭಾಷೆಯಲ್ಲಿ ಹೇಳುವುದಾದರೆ ಸಪ್ಪೆಯಾಗುವ ಎಲ್ಲ ಲಕ್ಷಣಗಳೂ ಇರುವ ನಾಯಕ. ಬಾಣ ತಿಂದು ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನಗೂ ನನಗೂ ಏನು ಹಗೆಯಿತ್ತು ಎಂದು ಕೇಳಲು ತೊಡಗಿದ ಮೇಲೆ ಅದೇ ರಾಮ ಮಾತಿಗೆ ತಡಕಾಡಬೇಕಾಗುತ್ತದೆ, ಯೋಚಿಸಬೇಕಾಗುತ್ತದೆ, ತನ್ನ ಧರ್ಮವನ್ನು ಮಾತಿನಲ್ಲಿ ಮತ್ತೆ ಕಟ್ಟಿ ನಿಲ್ಲಿಸಬೇಕಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕುಳಿತ ಕೂಟಗಳನ್ನು ರಸಿಕರು ಇಂದಿಗೂ ನೆನೆಯುತ್ತಾರೆ. ಎದುರು ಕುಳಿತವನು ಸಮರ್ಥನಾದರೆ ರಾಮನೂ ಬೆಳೆಯುತ್ತಾನೆ, ಎದುರು ಕುಳಿತವನು ದುರ್ಬಲನಾದರೆ ಇಬ್ಬರೂ ಸೋಲುತ್ತಾರೆ. ನಮ್ಮ ಧಾರಾವಾಹಿಗಳ ವಿಲನ್ನುಗಳಲ್ಲಿ ಅನೇಕರು ಸೋಲುವುದು ಇಲ್ಲಿಯೇ. ಅವರಿಗೆ ಸಂಚು ಗೊತ್ತು, ವಿಷ ಬೆರೆಸುವುದು ಗೊತ್ತು, ಕಾಗದಪತ್ರ ಕದಿಯುವುದು ಗೊತ್ತು. ನಾಯಕಿಯನ್ನು ಒಂದು ಪ್ರಶ್ನೆ ಕೇಳಿ ಅವಳನ್ನು ಒಂದು ರಾತ್ರಿ ನಿದ್ದೆಗೆಡಿಸುವುದು ಮಾತ್ರ ಗೊತ್ತಿಲ್ಲ. ಅವರ ವಾದದಲ್ಲಿ ಒಂದು ಎಳೆಯಷ್ಟಾದರೂ ನಿಜ ಇಲ್ಲದಿರುವುದರಿಂದ ನಾಯಕಿಗೆ ಉತ್ತರ ಕೊಡುವ ಅಗತ್ಯವೇ ಬೀಳುವುದಿಲ್ಲ. ಅವಳು ಅಳುತ್ತಾಳೆ, ಕಾಯುತ್ತಾಳೆ, ಮತ್ತಷ್ಟು ಸಪ್ಪೆಯಾಗುತ್ತಾಳೆ.

ಪ್ರೇಮದ ವಿಷಯಕ್ಕೆ ಬಂದರೆ ಅಪಾಯ ಇನ್ನೂ ದೊಡ್ಡದು. ಅಮೆರಿಕದ ‘ಜನರಲ್ ಹಾಸ್ಪಿಟಲ್’ 1963ರಲ್ಲಿ ಶುರುವಾದ ಹಗಲು ಧಾರಾವಾಹಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಿಂತೇಹೋಗುವ ಸ್ಥಿತಿಯಲ್ಲಿದ್ದ ಅದನ್ನು ನಿರ್ಮಾಪಕಿ ಗ್ಲೋರಿಯಾ ಮಾಂಟಿ ಎತ್ತಿ ನಿಲ್ಲಿಸಿದರು. ಆ ಗೆಲುವಿನ ಶಿಖರ ಲ್ಯೂಕ್ ಮತ್ತು ಲಾರಾ ಜೋಡಿ. 1981ರ ನವೆಂಬರಿನಲ್ಲಿ ಎರಡು ದಿನ ಪ್ರಸಾರವಾದ ಅವರ ಮದುವೆಯನ್ನು ಸುಮಾರು 3 ಕೋಟಿ ಜನ ನೋಡಿದರು. ಆದರೆ ಆ ಪ್ರೇಮದ ಬುಡದಲ್ಲಿ 1979ರ ಒಂದು ಅತ್ಯಾಚಾರವಿತ್ತು. ಅತ್ಯಾಚಾರ ಮಾಡಿದವನನ್ನೇ ಕಥೆ ಮೆಲ್ಲಮೆಲ್ಲನೆ ಪ್ರೇಮಿಯಾಗಿ ತಿದ್ದಿ ಬರೆಯಿತು, ನಡೆದದ್ದನ್ನು ಬೇರೆ ಹೆಸರಿನಲ್ಲಿ ಕರೆಯಿತು. 1998ರಲ್ಲಿ ಅವರ ಬೆಳೆದ ಮಗನಿಗೆ ಸತ್ಯ ಗೊತ್ತಾಗುವ ಕಥಾಭಾಗದಲ್ಲಿ ಧಾರಾವಾಹಿ ಆ ಹಳೆಯ ಲೆಕ್ಕಕ್ಕೆ ಮರಳಿ ಬರಬೇಕಾಯಿತು. ರೇಟಿಂಗ್ ಗೆದ್ದಿತು, ಆದ್ದರಿಂದ ಆ ಪ್ರೇಮ ಸರಿ ಎಂಬ ವಾದವನ್ನು ನಾನು ಒಪ್ಪಲಾರೆ. ಪಾತ್ರದ ನೆನಪನ್ನು ಅಳಿಸಿ ಕಟ್ಟಿದ ಪ್ರೇಮದಿಂದ ಹೆಣ್ಣು ಪಾತ್ರದ ಸತ್ಯವೇ ಹೋಗುತ್ತದೆ. ಬಲವಂತವಾಗಿ ತಾಳಿ ಕಟ್ಟಿದವನನ್ನು ಕೆಲವು ನೂರು ಸಂಚಿಕೆಗಳಲ್ಲಿ ಆದರ್ಶ ಪತಿಯಾಗಿಸುವ ಕಥೆಗಳನ್ನು ನಾವೂ ಬರೆದಿದ್ದೇವೆ. ಅವುಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು.

ಹಾಗಾದರೆ ಕನ್ನಡದಲ್ಲಿ ಒಳ್ಳೆಯ ಮಾದರಿಗಳೇ ಇಲ್ಲವೇ? ಇವೆ. 2022ರಲ್ಲಿ ಶುರುವಾದ ‘ಭಾಗ್ಯಲಕ್ಷ್ಮೀ’ಯ ಭಾಗ್ಯ ಆರಂಭದಲ್ಲಿ ಸಪ್ಪೆಯೆನಿಸುವ ಎಲ್ಲ ಸಾಧ್ಯತೆಯಿದ್ದ ಗೃಹಿಣಿ: ಹೆಚ್ಚು ಓದಿಲ್ಲ, ಅಡುಗೆಮನೆಯೇ ಲೋಕ, ಗಂಡ ತಾಂಡವ್ ಹೀಯಾಳಿಸಿದರೂ ನಗುವವಳು. ಗಂಡನ ಬದುಕಿನಲ್ಲಿ ಶ್ರೇಷ್ಠಾ ಎಂಬ ಇನ್ನೊಬ್ಬಳು ಇದ್ದಾಳೆ. ಈ ಇನ್ನೊಬ್ಬಳ ಸೂತ್ರ ಎಷ್ಟು ಸವೆದದ್ದೆಂದು ನಮಗೆಲ್ಲ ಗೊತ್ತು. ಆದರೆ ಭಾಗ್ಯಳ ಕಥೆ ಎದ್ದು ನಿಂತದ್ದು ಸವತಿಯ ಸಂಚಿನಿಂದಲ್ಲ. ಮಗಳು ಓದುವ ಶಾಲೆಗೇ ಸೇರಿ ಹತ್ತನೇ ತರಗತಿಯ ಬೆಂಚಿನ ಮೇಲೆ ಅವಳು ಕುಳಿತಾಗ, ಅತ್ತೆ ಕುಸುಮಾ ಮಗನನ್ನು ಬಿಟ್ಟು ಸೊಸೆಯ ಪಕ್ಷ ವಹಿಸಿದಾಗ ಅದು ಎದ್ದಿತು. ಸಮವಸ್ತ್ರದ ತಾಯಿಯನ್ನು ಕಂಡು ಮಗಳಿಗಾಗುವ ಮುಜುಗರದಲ್ಲಿ ಯಾವ ಖಳನಾಯಕಿಯೂ ಹುಟ್ಟಿಸಲಾರದ ಸಂಘರ್ಷವಿದೆ, ಯಾಕೆಂದರೆ ಆ ಮಗಳ ಮುಜುಗರ ಸುಳ್ಳಲ್ಲ. ಇಲ್ಲಿಯೂ ಭಾಗ್ಯಳ ಸ್ವಭಾವ ಬದಲಾಗಲಿಲ್ಲ. ಅವಳ ತಾಳ್ಮೆ ಬೇರೊಂದು ಕಡೆ ಹರಿಯಿತು.

ಇಲ್ಲಿ ಸ್ತ್ರೀವಾದಿ ಚಿಂತಕರ ಆಕ್ಷೇಪಕ್ಕೆ ಉತ್ತರಿಸಲೇಬೇಕು. ಪೈಪೋಟಿ ಎಂದ ಕೂಡಲೇ ನಮ್ಮ ತೆರೆಯ ಮೇಲೆ ಒಂದು ಗಂಡಿಗಾಗಿ ಇಬ್ಬರು ಹೆಣ್ಣುಮಕ್ಕಳು ಕಚ್ಚಾಡುವ ದೃಶ್ಯವೇ ಬರುತ್ತದೆ, ಇದನ್ನು ಸಾಧನವೆಂದು ಹೊಗಳುವುದು ಹೇಗೆ ಎಂದು ಅವರು ಕೇಳುತ್ತಾರೆ. ಅವರ ದೂರು ನ್ಯಾಯವಾದದ್ದು. ಆದರೆ ಆ ದೃಶ್ಯದ ದೋಷ ಪೈಪೋಟಿಯಲ್ಲಿಲ್ಲ, ಪಣವಾಗಿಟ್ಟ ವಸ್ತುವಿನಲ್ಲಿದೆ. ಪಂದ್ಯ ಗಂಡಸಿಗಾಗಿ ನಡೆಯುವವರೆಗೆ ಇಬ್ಬರು ಹೆಣ್ಣುಗಳೂ ಕುಗ್ಗುತ್ತಾರೆ. ಅದು ಒಂದು ಕೆಲಸಕ್ಕಾಗಿ, ಒಂದು ಜಮೀನಿಗಾಗಿ, ಒಂದು ತತ್ವಕ್ಕಾಗಿ ನಡೆದರೆ ಇಬ್ಬರಿಗೂ ಮಾತು ಸಿಗುತ್ತದೆ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳನ್ನು ಜನ ಕಾದು ನೋಡಿದ್ದು ಪಾಟೀಸವಾಲಿನಲ್ಲಿ ಎರಡು ಕಡೆಗೂ ತೂಕವಿದ್ದುದರಿಂದ.

ವೃತ್ತಿಯಲ್ಲಿರುವವರು ಇನ್ನೊಂದು ಆಕ್ಷೇಪ ಎತ್ತುತ್ತಾರೆ, ಅದು ನನಗೆ ಎಲ್ಲಕ್ಕಿಂತ ಕಠಿಣವೆನಿಸುತ್ತದೆ. 1983ರಲ್ಲಿ ‘ಕೊರೊನೇಷನ್ ಸ್ಟ್ರೀಟ್’ ಪ್ರಸಾರವಾಗುತ್ತಿದ್ದದ್ದು ವಾರಕ್ಕೆ ಎರಡೇ ಸಂಚಿಕೆ. ನಮ್ಮಲ್ಲಿ ವಾರಕ್ಕೆ ಐದು ಆರು. ಸಂಭಾಷಣೆ ಶೂಟಿಂಗಿನ ಹಿಂದಿನ ರಾತ್ರಿ ತಲುಪುವುದುಂಟು, ಗುರುವಾರ ಟಿಆರ್‌ಪಿ ಬಂದರೆ ಶುಕ್ರವಾರ ಟ್ರ್ಯಾಕ್ ಬದಲಾಗುವುದುಂಟು. ಇಪ್ಪತ್ತು ವರ್ಷದ ಹಗೆಯನ್ನು ಯಾರು, ಯಾವಾಗ ಯೋಚಿಸಬೇಕು? ಈ ಮಾತನ್ನು ತೆಗೆದುಹಾಕಲಾಗದು. ಆದರೂ ನಾನು ಹೇಳಿದ ಕೆಲಸಕ್ಕೆ ಹೆಚ್ಚು ಹೊತ್ತಿನ ಅಗತ್ಯವಿಲ್ಲ, ಬೇರೆ ಬಗೆಯ ಚರ್ಚೆಯ ಅಗತ್ಯವಿದೆ. ಹೊಸ ಪಾತ್ರ ಎಂಟ್ರಿ ಕೊಡುವ ಮೊದಲು ಅದು ಎಷ್ಟು ಸುಂದರ, ಎಷ್ಟು ದುಷ್ಟ ಎಂದು ನಿರ್ಧರಿಸುವ ಅರ್ಧ ಗಂಟೆಯಲ್ಲೇ ಅದು ನಮ್ಮ ನಾಯಕಿಯ ಬಗ್ಗೆ ಯಾವ ನಿಜವನ್ನು ಹೇಳಬಲ್ಲದು ಎಂದೂ ನಿರ್ಧರಿಸಬಹುದು. ಆ ಉತ್ತರ ಸಿಕ್ಕಿದರೆ ನೂರು ಸಂಚಿಕೆಗಳ ದೃಶ್ಯಗಳು ತಾವಾಗಿ ಹುಟ್ಟುತ್ತವೆ. ಸಿಗದೆ ಹೋದರೆ ಪ್ರತಿ ವಾರ ಹೊಸ ಅಪಘಾತವನ್ನು ಹುಡುಕುತ್ತಾ ಕೂರಬೇಕಾಗುತ್ತದೆ, ಅದಕ್ಕೆ ತಗಲುವ ಹೊತ್ತೇ ಹೆಚ್ಚು.

ಮುಂದಿನ ಗೋಷ್ಠಿಗಳಲ್ಲಿ ಪಾತ್ರರಚನೆ, ಮರುರೂಪಗಳು, ಪ್ರೇಕ್ಷಕರ ಅಭಿರುಚಿ ಎಲ್ಲವೂ ಚರ್ಚೆಗೆ ಬರಲಿವೆ. ಅವುಗಳ ಜೊತೆಗೆ ಈ ಎರಡು ವಿಷಯಗಳನ್ನೂ ಸೇರಿಸಿಕೊಳ್ಳಬೇಕೆಂದು ನನ್ನ ಕೋರಿಕೆ. ಟ್ರ್ಯಾಕ್ ಮುಗಿದ ಮೇಲೆ ಎದುರಾಳಿಯನ್ನು ಜೈಲಿಗೋ ವಿದೇಶಕ್ಕೋ ಕಳುಹಿಸಿ ಕೈತೊಳೆದುಕೊಳ್ಳುವ ಬದಲು ಅದೇ ಬೀದಿಯಲ್ಲಿ, ಅದೇ ಬಳಗದಲ್ಲಿ ಇರಿಸಿಕೊಳ್ಳುವುದು ಹೇಗೆ ಎಂಬುದು ಒಂದು. ಹಿಂದಿ, ತಮಿಳು, ತೆಲುಗಿನಿಂದ ಕಥೆ ತರುವಾಗ ಅಲ್ಲಿನ ಎದುರಾಳಿಯನ್ನು ಹಾಗೆಯೇ ಇಳಿಸದೆ, ನಮ್ಮ ಊರಿನ ನಾಯಕಿಯನ್ನು ನಮ್ಮ ಊರಿನ ಯಾವ ಮಾತು ಚುಚ್ಚುತ್ತದೆ ಎಂದು ಹುಡುಕುವುದು ಇನ್ನೊಂದು. ಎರಡನೆಯದಕ್ಕೆ ಮಂಡ್ಯದ ನಾಯಕಿಗೂ ಕುಮಟೆಯ ನಾಯಕಿಗೂ ಬೇರೆಬೇರೆ ಉತ್ತರ ಬರುತ್ತದೆ. ಆ ಉತ್ತರಗಳನ್ನು ಆಯಾ ಊರಿನ ಮಾತು ಬಲ್ಲ ಬರಹಗಾರರಿಂದಲೇ ಕೇಳಬೇಕು, ಚರ್ಚೆಯ ಮೇಜಿನ ಸುತ್ತ ಅವರಿಗೂ ಕುರ್ಚಿ ಹಾಕಬೇಕು.