ಕೈ ಎತ್ತದವರ ಕಥೆ

ಮೆನ್ನೊನೈಟ್ ಕ್ರೈಸ್ತರ ನಡುವೆ ನಡೆಯುವ ಪ್ರೇಮ-ಪತ್ತೇದಾರಿ ಕಾದಂಬರಿಗಳ ಮೇಲೆ ಒಂದು ಆಕ್ಷೇಪವಿದೆ. ಹೊಡೆದವನಿಗೆ ತಿರುಗಿ ಹೊಡೆಯದ ಜನರಲ್ಲಿ ರೋಚಕತೆ ಎಲ್ಲಿಂದ ಬರಬೇಕು? ಅದು ಹುಟ್ಟುವುದೇ ಅಲ್ಲಿಂದ ಎಂದು ನನ್ನ ನಂಬಿಕೆ. 1569ರಲ್ಲಿ ಡಚ್ ನಾಡಿನ ಆಸ್ಪೆರೆನ್‌ನಲ್ಲಿ, ಅವರ ಪಂಥದ ಡಿರ್ಕ್ ವಿಲ್ಲೆಮ್ಸ್ ಸೆರೆಯಿಂದ ತಪ್ಪಿಸಿಕೊಂಡು ತೆಳು ಮಂಜುಗಡ್ಡೆಯ ಮೇಲೆ ಓಡಿ ಪಾರಾದ. ಬೆನ್ನಟ್ಟಿದವನು ನೀರಿಗೆ ಬಿದ್ದ. ಡಿರ್ಕ್ ಹಿಂದಿರುಗಿ ಅವನನ್ನು ಮೇಲೆಳೆದ, ಸಿಕ್ಕಿಬಿದ್ದ, ಸಜೀವವಾಗಿ ಸುಡಲ್ಪಟ್ಟ. ಈ ನೆನಪನ್ನು ಹೊತ್ತ ಪ್ರೇಮಿಯ ಎದುರು ಕೊಲೆಗಾರ ನಿಂತಾಗ, ನಲ್ಲೆಯನ್ನು ಉಳಿಸಲು ಕೋವಿ ಎತ್ತಲೇ ಎಂಬ ಪ್ರಶ್ನೆಯೇ ಎದೆ ನಡುಗಿಸುತ್ತದೆ.

ಇದೆಲ್ಲ ಹೊರಗಿನವರ ಕುತೂಹಲ ಎನ್ನಬಹುದು; ಬರೀ ಕುದುರೆಗಾಡಿ, ಬಿಳಿ ಟೊಪ್ಪಿಗೆ ತೋರಿಸುವ ಪುಸ್ತಕಗಳ ಮಟ್ಟಿಗೆ ಅದು ನಿಜ. ಆದರೆ ಆ ಸಮುದಾಯದಲ್ಲೇ ಬೆಳೆದ ಮಿರಿಯಮ್ ಟೇವ್ಸ್ 2018ರ ‘ವಿಮೆನ್ ಟಾಕಿಂಗ್’ ಕಾದಂಬರಿಯಲ್ಲಿ, ಬೊಲಿವಿಯಾದ ಮೆನ್ನೊನೈಟ್ ವಸಾಹತಿನಲ್ಲಿ ನಡೆದ ಅತ್ಯಾಚಾರಗಳ ಹಿನ್ನೆಲೆಯಲ್ಲಿ, ಹೆಂಗಸರ ಮುಂದೆ ಇದೇ ಪ್ರಶ್ನೆಯಿಡುತ್ತಾರೆ. ಸುಮ್ಮನಿರುವುದೋ, ಹೋರಾಡುವುದೋ, ಊರು ಬಿಡುವುದೋ? ಹೊರಗೆ ಹೋದ ಗಂಡಸರು ಮರಳುವುದರೊಳಗೆ ಹೆಂಗಸರು ತೀರ್ಮಾನಿಸಬೇಕು.