ಆಟದ ನ್ಯಾಯ

ಇಂಗ್ಲಿಷಿನವರಲ್ಲಿ ಒಂದು ಮಾತುಂಟು. ಒಬ್ಬನ ನಡತೆ ನೇರವಾಗಿಲ್ಲವೆಂದು ಕಂಡರೆ ಅವರು 'ಇದು ಕ್ರಿಕೆಟ್ಟಲ್ಲ' ಎಂದುಬಿಡುತ್ತಾರೆ. ಅಂಗಡಿಯ ತಕ್ಕಡಿಗೂ ಈ ಮಾತು ಸಲ್ಲುತ್ತದೆ, ಪಾರ್ಲಿಮೆಂಟಿನ ವಾದಕ್ಕೂ ಸಲ್ಲುತ್ತದೆ. ಒಂದು ಆಟದ ಹೆಸರು ಒಂದು ಜನಾಂಗದ ನೀತಿಗೆ ಅಳತೆಗೋಲಾಯಿತೆಂದರೆ ಅದು ಆ ಆಟಕ್ಕೆ ಸಂದ ದೊಡ್ಡ ಗೌರವವೇ ಸರಿ. ಆದರೆ ಅದೇ ಜನರ ತಂಡ 1932-33ರಲ್ಲಿ ಜಾರ್ಡಿನನ ನಾಯಕತ್ವದಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ, ಬ್ಯಾಟು ಹಿಡಿದವನ ಮೈಯನ್ನೇ ಗುರಿಯಾಗಿಸಿಕೊಂಡು ಚೆಂಡೆಸೆದು ಗೆದ್ದು ಬಂದಿತು. ಅಂದಿನ ನಿಯಮಾವಳಿಯಲ್ಲಿ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ನಿಯಮವನ್ನು ಮುರಿಯದೆಯೂ ಅನ್ಯಾಯವೆಸಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇದರ ಮಗ್ಗುಲಲ್ಲೇ ಇನ್ನೊಂದು ವಿಚಾರವುಂಟು. ನಿಯಮದಂತೆಯೇ ನಡೆದವನೊಬ್ಬನನ್ನು ಲೋಕ ಅನ್ಯಾಯಗಾರನೆಂದು ಕರೆದರೆ ಅದಕ್ಕೇನೆನ್ನಬೇಕು? ಈ ಹೊತ್ತು ನಮ್ಮ ಮನಸ್ಸಿನಲ್ಲಿರುವುದು ಮುಖ್ಯವಾಗಿ ಇದು.

1947ನೆಯ ಇಸವಿ ಡಿಸೆಂಬರಿನಲ್ಲಿ, ಸಿಡ್ನಿಯಲ್ಲಿ ನಡೆದ ಟೆಸ್ಟು ಪಂದ್ಯದಲ್ಲಿ ನಮ್ಮ ದೇಶದ ವಿನೂ ಮಂಕಡರು ಚೆಂಡೆಸೆಯಲು ಓಡಿಬರುತ್ತಿದ್ದರು. ಚೆಂಡು ಕೈಬಿಡುವುದಕ್ಕೆ ಮುಂಚೆಯೇ ಆಸ್ಟ್ರೇಲಿಯದ ಬಿಲ್ ಬ್ರೌನ್ ತನ್ನ ಗೆರೆಯನ್ನು ಬಿಟ್ಟು ಮುಂದಕ್ಕೆ ಸರಿದಿದ್ದ. ಮಂಕಡರು ಚೆಂಡನ್ನೆಸೆಯದೆ ವಿಕೆಟ್ಟಿನ ಬೇಲ್ಸನ್ನು ಕೆಡವಿದರು; ಬ್ರೌನ್ ಔಟಾದ. ಇದೇ ಪ್ರವಾಸದಲ್ಲಿ, ಕೆಲವೇ ವಾರಗಳ ಹಿಂದೆ, ಇದೇ ಬ್ರೌನನಿಗೆ ಅವರು ಮೊದಲು ಎಚ್ಚರಿಕೆ ಕೊಟ್ಟು, ಅದನ್ನವನು ಗಣಿಸದಿದ್ದಾಗ ಹೀಗೆಯೇ ಔಟು ಮಾಡಿದ್ದರು. ವಿಕೆಟ್ಟಿನಿಂದ ವಿಕೆಟ್ಟಿಗೆ ಇರುವುದು 22 ಗಜ. ಅದರಲ್ಲಿ ಒಂದೆರಡು ಗಜವನ್ನು ಮೊದಲೇ ಕದ್ದುಕೊಂಡವನಿಗೆ ಒಂದು ಓಟ ಎಷ್ಟು ಸುಲಭವೆಂಬುದನ್ನು ಆಡಿದವರೆಲ್ಲ ಬಲ್ಲರು. ಆದರೂ ಪತ್ರಿಕೆಗಳಲ್ಲಿ ನಿಂದೆ ಬಂದದ್ದು ಮಂಕಡರಿಗೆ. ಎದುರು ಪಕ್ಷದ ನಾಯಕ ಬ್ರಾಡ್ಮನ್ನರು ತಮ್ಮ ಆತ್ಮಕಥೆಯಲ್ಲಿ ಮಂಕಡರ ಪರವಾಗಿಯೇ ಬರೆದರು. ಆದರೇನು, ಮಂಕಡರ ಹೆಸರು ಆ ಬಗೆಯ ಔಟಿಗೇ ಅಂಟಿಕೊಂಡಿತು. ಗೆರೆ ಬಿಟ್ಟವನ ಹೆಸರು ಯಾವುದಕ್ಕೂ ಅಂಟಲಿಲ್ಲ! ಕಳ್ಳತನವೊಂದಕ್ಕೆ ಕಳ್ಳನನ್ನು ಹಿಡಿದವನ ಹೆಸರಿಟ್ಟಂತಾಯಿತು.

ಈಗ ಇನ್ನೊಂದು ಚಿತ್ರ. 1980ನೆಯ ಫೆಬ್ರವರಿ, ಬೊಂಬಾಯಿ. ಇಂಗ್ಲೆಂಡಿನ ಮೇಲೆ ನಡೆದ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ಭಾರತದ ನಾಯಕರು ನಮ್ಮವರೇ ಆದ ಜಿ. ಆರ್. ವಿಶ್ವನಾಥ್. ಇಂಗ್ಲೆಂಡು 58 ಓಟಗಳಿಗೆ 5 ವಿಕೆಟ್ಟುಗಳನ್ನು ಕಳೆದುಕೊಂಡು ತತ್ತರಿಸುತ್ತಿದ್ದಾಗ ಬಾಬ್ ಟೇಲರ್ ಔಟೆಂದು ಅಂಪೈರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಯೇ ಇಲ್ಲವೆಂದು ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಅನಿಸಿತು. ಅವರು ಅಂಪೈರನ್ನು ಕೇಳಿಕೊಂಡು ಟೇಲರನನ್ನು ಹಿಂದಕ್ಕೆ ಕರೆಸಿದರು. ಟೇಲರ್, ಬಾಥಮ್ ಇಬ್ಬರೂ ಸೇರಿ 171 ಓಟ ಕೂಡಿಸಿದರು. ಭಾರತ 10 ವಿಕೆಟ್ಟುಗಳಿಂದ ಸೋತಿತು. ಆ ಸೋಲಿಗಾಗಿ ಗೊಣಗಿದವರಿಲ್ಲವೆನ್ನಲಾರೆವು. ಆದರೆ ಕನ್ನಡಿಗರು ಇಂದಿಗೂ ಆ ಸೋಲನ್ನು ಹೇಳಿಕೊಂಡು ಹಿಗ್ಗುತ್ತಾರೆ.

ನಾವೂ ಹಿಗ್ಗಿದವರೇ. ಆ ಹಿಗ್ಗೇ ನಮ್ಮನ್ನು ಒಮ್ಮೆ ದಾರಿ ತಪ್ಪಿಸಿತು.

ಹತ್ತು ವರ್ಷಗಳಿಗೆ ಮೇಲ್ಪಟ್ಟ ಮಾತು. ಕಾಲೇಜಿನ ಆಟದ ಮೇಲ್ವಿಚಾರಣೆಯನ್ನು ನಮಗೆ ವಹಿಸಿದ್ದರು. ಬೇರೆ ಯಾರೂ ಒಪ್ಪಲಿಲ್ಲವಾದ್ದರಿಂದ ಎಂದು ಸೇರಿಸುವುದು ಪ್ರಾಮಾಣಿಕತೆ. ಕಾಲೇಜುಗಳ ನಡುವಣ ಪಂದ್ಯವೊಂದರ ಕೊನೆಯಲ್ಲಿ ನಮ್ಮ ಬೌಲರು, ಬಡವರ ಮನೆಯ ಮಿತಭಾಷಿ ಹುಡುಗ, ಮಂಕಡರು ಮಾಡಿದಂತೆಯೇ ಮಾಡಿದ. ಗೆರೆ ಬಿಟ್ಟವನಿಗೆ ಅವನು ಅದಕ್ಕೆ ಮುಂಚೆ ಎರಡು ಬಾರಿ ಹೇಳಿದ್ದನಂತೆ. ಎದುರು ಪಕ್ಷದವರು ಕೂಗಾಡಿದರು. ನಾವು ಬೇಲಿಯ ಬಳಿಯಿಂದ ಎದ್ದು ಹೋಗಿ, ನಮ್ಮ ನಾಯಕನಿಗೆ ಹೇಳಿ ಮನವಿಯನ್ನು ಹಿಂದಕ್ಕೆ ತೆಗೆಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಉಳಿದುಕೊಂಡ ಆಟಗಾರನೇ ಪಂದ್ಯವನ್ನು ಗೆದ್ದುಕೊಟ್ಟ.

ಸಂಜೆ ಆ ಹುಡುಗ ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ನಾನು ಮಾಡಿದ ತಪ್ಪೇನು ಅಂತ ಹೇಳಿಬಿಡಿ, ಇನ್ನೊಂದು ಸಲ ಮಾಡೋದಿಲ್ಲ" ಎಂದ. ನಾವು ವಿಶ್ವನಾಥರ ಕಥೆಯನ್ನು ಹೇಳಿದೆವು. ಅವನು ಪೂರ್ತಿ ಕೇಳಿ, "ಟೇಲರ್ ಔಟಾಗಿರಲಿಲ್ಲ, ಸಾರ್. ಇವನು ಔಟಾಗಿದ್ದ" ಎಂದಷ್ಟೇ ಹೇಳಿ ಹೊರಟುಹೋದ.

ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ಹೊಳೆಯದ ಭೇದ ಅದು. ವಿಶ್ವನಾಥರು ಸುಳ್ಳಾಗಿ ಬಂದ ವಿಕೆಟ್ಟನ್ನು ಬೇಡವೆಂದರು. ಅದಕ್ಕೆ ತೆತ್ತ ಬೆಲೆ ಅವರದೇ ನಾಯಕತ್ವದ ಗೆಲುವು. ನಾವು ನಿಜವಾಗಿ ಬಂದ ವಿಕೆಟ್ಟನ್ನು ಬಿಟ್ಟುಕೊಟ್ಟು, ನಮಗೆ ದೊಡ್ಡ ಮನುಷ್ಯರೆಂಬ ಹೆಸರನ್ನು ಆ ಹುಡುಗನ ಗಂಟಿನಿಂದ ಕೊಂಡುಕೊಂಡೆವು. ಔದಾರ್ಯವೆಂಬುದು ತನ್ನ ಸೊತ್ತಿನಲ್ಲಿ ತೋರಿಸತಕ್ಕದ್ದಷ್ಟೆ? ಹುಡುಗನನ್ನು ಒಂದು ಮಾತು ಕೇಳಬೇಕೆಂದೂ ನಮಗೆ ತೋರಲಿಲ್ಲ.

ಗದಾಯುದ್ಧದ ಪ್ರಸಂಗ ಇಲ್ಲಿ ನೆನಪಿಗೆ ಬಾರದಿರದು. ನಾಭಿಯಿಂದ ಕೆಳಗೆ ಹೊಡೆಯಲಾಗದೆಂಬುದು ನಿಯಮ. ಭೀಮ ತೊಡೆಗೆ ಹೊಡೆದ, ಬಲರಾಮ ಸಿಡಿದೆದ್ದ. ಭೀಮನಿಗೆ ಪ್ರತಿಜ್ಞೆಯ ಕಾರಣವಿತ್ತು, ದ್ರೌಪದಿಯ ಕಣ್ಣೀರಿನ ಕಾರಣವಿತ್ತು. ರನ್ನನ ಕಾವ್ಯಕ್ಕೆ ಭೀಮನೇ ನಾಯಕನಾದರೂ ಓದಿದವರ ಮರುಕ ದುರ್ಯೋಧನನ ಕಡೆಗೆ ಹರಿಯುತ್ತದೆ. ಅಲ್ಲಿ ನಿಯಮ ಮುರಿದವನಿಗೆ ಅಷ್ಟು ಸಮಾಧಾನಗಳನ್ನು ಹುಡುಕಿಕೊಡುವ ನಾವು, ಮಂಕಡರಂತೆ ನಿಯಮವನ್ನು ಕಾಯ್ದವರಿಗೆ ಒಂದನ್ನೂ ಹುಡುಕಲಿಲ್ಲವೆಂಬುದು ವಿಚಿತ್ರ.

ಕ್ರಿಕೆಟ್ಟಿನ ನಿಯಮಾವಳಿಯಲ್ಲಿ ಈ ಬಗೆಯ ಔಟಿನ ಪ್ರಸ್ತಾಪ 'ಅನ್ಯಾಯದ ಆಟ' ಎಂಬ ಪ್ರಕರಣದಲ್ಲಿತ್ತು. 2022ನೆಯ ಅಕ್ಟೋಬರ್ 1ರಿಂದ ಅದನ್ನು ಅಲ್ಲಿಂದ ತೆಗೆದು, ಸಾಮಾನ್ಯವಾದ 'ರನ್ ಔಟ್' ಪ್ರಕರಣಕ್ಕೆ ಸೇರಿಸಿದರು. ನಿಯಮದ ಮಾತು ಬಹುಮಟ್ಟಿಗೆ ಹಿಂದಿನದೇ. ಅದು ಕುಳಿತಿರುವ ಮನೆ ಬೇರೆ. ಮಂಕಡರು 1978ರಲ್ಲಿಯೇ ತೀರಿಕೊಂಡಿದ್ದರು.

ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನಾವು ಹಳೆಯ ದಾಖಲೆ ಪುಸ್ತಕವನ್ನು ತೆಗೆಸಿ, ಆ ಹುಡುಗನ ಊರಿನ ವಿಳಾಸವನ್ನು ಹುಡುಕಿ, ಪತ್ರಿಕೆಯ ತುಂಡಿನೊಡನೆ ಒಂದು ಕಾಗದ ಬರೆದು ಹಾಕಿದೆವು. ಅವನ ಪ್ರಶ್ನೆಗೆ ಉತ್ತರವನ್ನು ಅದರಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೆವು. ಕಾಗದ ಹಿಂದಕ್ಕೆ ಬರಲಿಲ್ಲವಾದ್ದರಿಂದ ತಲಪಿರಬೇಕೆಂದು ನಂಬಿದ್ದೇವೆ.