ಉಳಿಯಬೇಕಾದ ವಾದ, ಮುಗಿಯಬೇಕಾದ ವಾದ

 

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮೊದಲಾದ ಬೆಂಗಳೂರಿನ ಹೊರವಲಯಗಳಿಗೆ ಉದ್ಯೋಗವನ್ನರಸಿ ಬಂದು ನೆಲೆಸಿದ ಜೈನರ ಮೂಲಸ್ಥಾನ ಒಂದೇ ಅಲ್ಲ. ತುಳುನಾಡಿನವರು, ಹಾಸನ ಸೀಮೆಯವರು, ಬೆಳಗಾವಿಯವರು, ರಾಜಸ್ಥಾನ ಗುಜರಾತುಗಳಿಂದ ಬಂದವರು ಇಲ್ಲಿ ನೆರೆಹೊರೆಯಾಗಿದ್ದಾರೆ. ಊರಿನ ಬಸದಿಯಲ್ಲಿ ಪ್ರಶ್ನೆಯೇ ಆಗದಿದ್ದ ಸಂಗತಿ ಇಲ್ಲಿ ಪ್ರಶ್ನೆಯಾಗುತ್ತದೆ. ಪಂಚಾಮೃತಾಭಿಷೇಕವೋ, ಬರಿಯ ಜಲಾಭಿಷೇಕವೋ? ಯಕ್ಷಯಕ್ಷಿಯರ ಅರ್ಚನೆ ಬೇಕೋ, ಬೇಡವೋ? ಆದಕಾರಣ ಯಾವ ವಾದವನ್ನು ಮುಂದುವರಿಸಬೇಕು, ಯಾವುದನ್ನು ಗೌರವದಿಂದ ಮುಗಿಸಬೇಕು ಎಂಬ ವಿವೇಚನೆ ಈ ಶುಭಾವಸರಕ್ಕೆ ಉಚಿತವಾದುದು.

ವಾದವೆಂಬುದು ಜಿನಧರ್ಮಕ್ಕೆ ಹೊರಗಿನದಲ್ಲ. ಸಮಂತಭದ್ರ, ಅಕಲಂಕ, ಪ್ರಭಾಚಂದ್ರರಂಥ ಆಚಾರ್ಯರು ವಾದದಿಂದಲೇ ದರ್ಶನವನ್ನು ಬೆಳಗಿಸಿದರು. ಅನೇಕಾಂತವೆಂದರೆ ಮೌನವಲ್ಲ, ಎದುರಾಳಿಯ ಮಾತಿನಲ್ಲಿ ಸತ್ಯದ ಅಂಶವೆಷ್ಟೆಂದು ತೂಗಿ ನೋಡುವುದು.

ಕನ್ನಡ ನಾಡಿನಲ್ಲಿ ಭಿನ್ನಮತಗಳು ಒಟ್ಟಿಗೆ ಬಾಳಿದ್ದಕ್ಕೆ ಪ್ರಾಚೀನ ಸಾಕ್ಷ್ಯವಿದೆ. ಐದನೆಯ ಶತಮಾನದ ಕದಂಬ ಅರಸ ಮೃಗೇಶವರ್ಮನ ದೇವಗಿರಿ ತಾಮ್ರಶಾಸನದ ಪ್ರಕಾರ ಕಾಲವಂಗವೆಂಬ ಗ್ರಾಮವನ್ನು ಮೂರು ಭಾಗ ಮಾಡಲಾಯಿತು. ಒಂದು ಭಾಗ ಅರ್ಹಂತ ದೇವರಿಗೆ, ಒಂದು ಶ್ವೇತಪಟ ಸಂಘಕ್ಕೆ, ಒಂದು ನಿರ್ಗ್ರಂಥ ಸಂಘಕ್ಕೆ. ಊರು ಒಂದೇ, ಸಂಘಗಳು ಎರಡು; ದೇವರ ಪಾಲು ಮಾತ್ರ ಯಾರ ಪಾಲಿನಲ್ಲಿಯೂ ಸೇರಲಿಲ್ಲ.

ಇದೇ ನಾಡಿನಲ್ಲಿ ಯಾಪನೀಯ ಸಂಘವೂ ಇದ್ದಿತು. ಅದರ ಮುನಿಗಳು ದಿಗಂಬರರಾಗಿದ್ದೂ ಸ್ತ್ರೀಮುಕ್ತಿಯನ್ನೂ ಕೇವಲಿಯ ಆಹಾರವನ್ನೂ ಒಪ್ಪುತ್ತಿದ್ದರು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಶಾಕಟಾಯನನು ಈ ಎರಡು ವಿಷಯಗಳ ಮೇಲೆ ಎರಡು ಪ್ರಕರಣಗಳನ್ನು ರಚಿಸಿದನು. ಪ್ರಭಾಚಂದ್ರರು ಆ ಪಕ್ಷಗಳನ್ನು ಖಂಡಿಸಿದರು. ಆದರೂ ಅದೇ ಶಾಕಟಾಯನನ ವ್ಯಾಕರಣವನ್ನು ದಿಗಂಬರ ವಿದ್ವಾಂಸರು ಓದಿದರು, ಅದಕ್ಕೆ ವ್ಯಾಖ್ಯಾನ ಬರೆದರು. ಆ ಪ್ರಕರಣಗಳನ್ನು 1974ರಲ್ಲಿ ಸಂಪಾದಿಸಿ ಪ್ರಕಟಿಸಿದವರು ಶ್ವೇತಾಂಬರ ಮುನಿ ಜಂಬೂವಿಜಯರು. ಯಾಪನೀಯ ಸಂಘ ಅಳಿಯಿತು. ಅದರ ವಾದ ಅಳಿಯಲಿಲ್ಲ.

ಈ ವಾದಗಳು ಇನ್ನೂ ಮುಂದುವರಿಯಬೇಕೆ? ಕೇವಲಿಯು ಆಹಾರ ಸ್ವೀಕರಿಸುವನೇ ಎಂಬ ಪ್ರಶ್ನೆಗೆ ಉತ್ತರ ಯಾವುದಾದರೂ ಇಂದಿನ ಶ್ರಾವಕನ ದಿನಚರಿ ಬದಲಾಗದು. ಅದು ಪಂಡಿತರ ಅಧ್ಯಯನಕ್ಕೆ ಇರಲಿ, ಸಂಘದ ಮನಸ್ತಾಪಕ್ಕೆ ಬೇಡ. ವರ್ತಕನು ಮುಗಿದ ಖಾತೆಗೆ ಪ್ರತಿವರ್ಷ ಬಡ್ಡಿ ಹಾಕುವುದಿಲ್ಲ. ಹಾಗೆಂದು ಅದರ ಹಾಳೆಯನ್ನು ಹರಿದೂ ಹಾಕುವುದಿಲ್ಲ.

ಸ್ತ್ರೀಮುಕ್ತಿಯ ವಾದವೂ ಮೇಲ್ನೋಟಕ್ಕೆ ಅಂಥದೇ. ಈ ಪಂಚಮಕಾಲದಲ್ಲಿ ಭರತಕ್ಷೇತ್ರದಲ್ಲಿ ಹುಟ್ಟಿದವರಿಗೆ, ಪುರುಷನಿರಲಿ ಸ್ತ್ರೀಯಿರಲಿ, ಅದೇ ಭವದಲ್ಲಿ ಮೋಕ್ಷವಿಲ್ಲವೆಂದು ಉಭಯ ಪಂಥಗಳೂ ಹೇಳುತ್ತವೆ. ಸಿದ್ಧಾಂತದ ಮಟ್ಟಿಗೆ ಜಗಳಕ್ಕೆ ಇಂದು ಫಲವಿಲ್ಲ. ಆದರೆ ಆ ವಾದದ ನೆರಳು ಮನೆಯೊಳಗೂ ಬೀಳುತ್ತದೆ. ಮಗಳಿಗೆ ಶಾಸ್ತ್ರಾಭ್ಯಾಸವೇಕೆ, ಬಸದಿಯ ಆಡಳಿತದಲ್ಲಿ ಸ್ತ್ರೀಯರೇಕೆ ಎಂದು ಕೇಳುವವರು ಅದನ್ನೇ ಆಸರೆಯಾಗಿ ಹಿಡಿಯಬಾರದು. ಮುಕ್ತಿಯ ಚರ್ಚೆಯನ್ನು ಮುಗಿಸಬಹುದು, ಗೌರವದ ಚರ್ಚೆಯನ್ನು ಮುಗಿಸಲಾಗದು. ಆ ಚರ್ಚೆಯಲ್ಲಿ ಶ್ರಾವಿಕೆಯರೇ ಮಾತನಾಡಬೇಕು.

ಅಭಿಷೇಕ, ಅರ್ಚನೆಗಳ ಕ್ರಮವಾದರೋ ಪರಂಪರೆಯ ವಿಷಯ. ಬಸದಿಯನ್ನು ಯಾವ ಆಮ್ನಾಯದಂತೆ ಪ್ರತಿಷ್ಠಾಪಿಸಲಾಯಿತೋ ಅದೇ ಅಲ್ಲಿ ನಡೆಯಲಿ. ಬೇರೆ ರೂಢಿಯವನು ಬಂದರೆ ಅವನಿಗೆ ದರ್ಶನಕ್ಕೆ ಸ್ಥಳವಿರಲಿ, ಪ್ರಶ್ನೋತ್ತರ ಬೇಡ.

ಹಾಗಾದರೆ ನಿಜವಾಗಿ ಉಳಿಯಬೇಕಾದ ವಾದ ಯಾವುದು? ರಾತ್ರಿಭೋಜನ ತ್ಯಾಗವನ್ನೇ ನೋಡಬಹುದು. ರಾತ್ರಿಪಾಳಿಯ ತರುಣನು ಅದನ್ನು ಹೇಗೆ ಪಾಲಿಸಬೇಕು? ವ್ರತ ಕೆಲಸಗಾರನದು, ವೇಳಾಪಟ್ಟಿ ಮಾಲೀಕನದು. ಮಾಲೀಕನೂ ಜೈನನಾಗಿದ್ದರೆ ಸೂರ್ಯಾಸ್ತಕ್ಕೆ ಮುಂಚೆ ಬಿಡುವು ಕೊಡುವುದು ಅವನ ಧರ್ಮವಲ್ಲವೇ? ಇನ್ನೊಂದು ಪ್ರಶ್ನೆ: ಪೀಣ್ಯದ ಅಂತರ್ಜಲದಲ್ಲಿ ಲೋಹಲೇಪನ ಕೈಗಾರಿಕೆಗಳ ಕ್ರೋಮಿಯಂ ಬೆರೆತಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಸೂಕ್ಷ್ಮಜೀವಿಗಳಿಗೆ ಹಿಂಸೆಯಾಗದಿರಲೆಂದು ನೀರನ್ನು ಸೋಸಿ ಕುಡಿಯುವ ಶ್ರಾವಕನು ತನ್ನ ಕಾರ್ಖಾನೆಯಿಂದ ಹೊರಹೋಗುವ ನೀರಿನ ಲೆಕ್ಕ ಕೊಡಬೇಡವೇ? ಈ ಪ್ರಶ್ನೆಗಳಲ್ಲಿ ದಿಗಂಬರ ಶ್ವೇತಾಂಬರ ಭೇದವಿಲ್ಲ. ಉತ್ತರ ಮಾತ್ರ ಸುಲಭವಲ್ಲ, ಮತ್ತು ಅದರಿಂದ ಲಾಭಕ್ಕೆ ಸ್ವಲ್ಪ ಪೆಟ್ಟು ಬೀಳಬಹುದು.

ಮಹಾವೀರ ನಿರ್ವಾಣದ 2500ನೆಯ ವರ್ಷಾಚರಣೆಯ ಸಂದರ್ಭದಲ್ಲಿ, 1974ರ ನವೆಂಬರಿನಲ್ಲಿ, ವಿನೋಬಾ ಭಾವೆಯವರ ಪ್ರೇರಣೆಯಿಂದ ಎಲ್ಲ ಪಂಥಗಳವರೂ ದೆಹಲಿಯಲ್ಲಿ ಸೇರಿ 756 ಗಾಥೆಗಳ ‘ಸಮಣಸುತ್ತಂ’ ಗ್ರಂಥವನ್ನು ಸಮ್ಮತಿಸಿದರು. ಒಪ್ಪಿಗೆಯ ಸಂಗತಿಗಳು ಎಷ್ಟೊಂದಿವೆಯೆಂದು ಆಗ ತೋರಿತು. ಆ ಒಪ್ಪಿಗೆಯ ನೆಲದ ಮೇಲೆ ನಿಂತು, ಯಾರ ನಡತೆಯನ್ನು ತಿದ್ದಬಲ್ಲದೋ ಅಂಥ ವಾದವನ್ನೇ ಈ ಜಿನಾಲಯದ ಸಭಾಮಂಟಪ ಕೇಳುವಂತಾಗಲಿ. ಸರ್ವರಿಗೂ ಮಂಗಳವಾಗಲಿ.